ಮುದ್ರೆಯಿಂದ ಬೆರಳಚ್ಚಿನವರೆಗೆ: ಕನ್ನಡನಾಡಿನಲ್ಲಿ ಗುರುತು ಮತ್ತು ಅಧಿಕಾರ

೧

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಹೆಬ್ಬಗೋಡಿಯನ್ನೂ ದಾಟಿದ ಮೇಲೆ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರವು ಸಿಕ್ಕುವುದು. ಊರಿನ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವವಾಗಿ ಕೆರೆಯನ್ನು ಸೂಚಿಸುವುದು. ಕೆರೆಯಿಂದ ಹೆಸರಾದ ಈ ಬೇಸಾಯದ ಊರು ಇಂದು ಕೈಗಾರಿಕೆಗಳ ನೆಲೆಯಾಗಿರುವುದು. ೨೦೨೫ನೆಯ ಆಗಸ್ಟ್ ತಿಂಗಳಿನಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವು ತೆರೆದು, ಬೊಮ್ಮಸಂದ್ರವು ಅದರ ಕೊನೆಯ ನಿಲ್ದಾಣವಾಯಿತು. ನಿಲ್ದಾಣದ ಬಾಗಿಲು ಟೋಕನ್ನನ್ನು ಮುಟ್ಟಿಸಿದವನಿಗೆ ದಾರಿ ಬಿಡುವುದು; ಅವನ ಹೆಸರನ್ನು ಕೇಳುವವರಿಲ್ಲ. ಅಲ್ಲಿಂದ ಕಾರ್ಖಾನೆಯ ಬಾಗಿಲಿಗೆ ಬಂದರೆ ಹೆಸರೂ ಭಾವಚಿತ್ರವೂ ಇರುವ ಚೀಟಿ ಬೇಕು. ಒಳಗೆ ಗಣಕಯಂತ್ರದ ಮುಂದೆ ಕುಳಿತರೆ ಪಾಸ್‌ವರ್ಡ್ ಎಂಬ ಗುಪ್ತಪದವೂ ಬೇಕು. ಗುಪ್ತಪದವು ಸರಿಯಾಗಿದ್ದರೂ ಎಲ್ಲ ಕಡತಗಳೂ ಎಲ್ಲರಿಗೂ ತೆರೆಯುವುದಿಲ್ಲ.

ಒಂದು ಹರದಾರಿಯೊಳಗೆ ಕಾಣುವ ಈ ಮೂರು ಬಾಗಿಲುಗಳಲ್ಲಿ ನಾಲ್ಕು ಪ್ರಶ್ನೆಗಳು ಅಡಗಿವೆ. ಬಂದವನು ತಾನು ಯಾರೆಂದು ಹೇಳಿಕೊಳ್ಳುವನು ಎಂಬುದು ಮೊದಲನೆಯದು. ಅವನು ಹೇಳಿದ್ದು ನಿಜವೇ ಎಂಬುದು ಎರಡನೆಯದು. ನಿಜವಾದರೆ ಅವನಿಗೆ ಯಾವುದರಲ್ಲಿ ಎಷ್ಟು ಅಧಿಕಾರವುಂಟು ಎಂಬುದು ಮೂರನೆಯದು. ಅವನು ಮಾಡಿದುದಕ್ಕೆ ಲೆಕ್ಕವೆಲ್ಲಿ ಎಂಬುದು ನಾಲ್ಕನೆಯದು. ಗುರುತು, ಪ್ರಮಾಣ, ಅಧಿಕಾರ, ಲೆಕ್ಕ ಎಂಬ ಈ ನಾಲ್ಕನ್ನೇ ಗಣಕಶಾಸ್ತ್ರಜ್ಞರು ತಮ್ಮ ರಕ್ಷಣಾಶಾಸ್ತ್ರದ ಒಂದು ಮುಖ್ಯಾಂಗವಾಗಿ ಬೆಳೆಸಿರುವರು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕೊರ್ಬಾಟೊ ಎಂಬವರ ನೇತೃತ್ವದಲ್ಲಿ ೧೯೬೧ರಲ್ಲಿ ಮೊದಲು ತೋರಿಸಲ್ಪಟ್ಟ ಯಂತ್ರವ್ಯವಸ್ಥೆಯಲ್ಲಿ ಅನೇಕರು ಒಂದೇ ಗಣಕವನ್ನು ಹಂಚಿಕೊಳ್ಳಬೇಕಾಗಿ ಬಂದುದರಿಂದ, ಒಬ್ಬನ ಕಡತವನ್ನು ಇನ್ನೊಬ್ಬನು ನೋಡದಂತೆ ಗುಪ್ತಪದವು ಬಳಕೆಗೆ ಬಂದಿತು. ಆದರೆ ಯಂತ್ರವು ಹೊಸತೇ ಹೊರತು ಪ್ರಶ್ನೆಗಳು ಹೊಸವಲ್ಲ. ಕನ್ನಡನಾಡಿನ ಶಾಸನಗಳೂ ಕಾವ್ಯಗಳೂ ಕಂದಾಯದ ದಫ್ತರಗಳೂ ಇವನ್ನು ಬಹು ಕಾಲದಿಂದ ಎದುರಿಸುತ್ತ ಬಂದಿವೆ.

೨

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ವಿಚಾರವು ಬಂದಿರುವುದು. ಒಂದು ಮಾಷವನ್ನು ಪಡೆದು ಅವನು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ಮಾತ್ರ ಜನಪದವನ್ನು ಹೊಗಬಹುದು ಅಥವಾ ಬಿಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣ ದಂಡ. ಕೂಟಮುದ್ರೆಯನ್ನು, ಎಂದರೆ ಕಳ್ಳಮುದ್ರೆಯನ್ನು ತೋರಿಸಿದರೆ ಅದಕ್ಕಿಂತ ಹೆಚ್ಚಿನ ಪೂರ್ವಸಾಹಸ ದಂಡ. ಪರನಾಡಿಗನಾದರೆ ಉತ್ತಮಸಾಹಸ ದಂಡ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮುದ್ರೆಯಿಲ್ಲದಿರುವುದಕ್ಕಿಂತ ಸುಳ್ಳು ಮುದ್ರೆಯಿರುವುದು ಹಿರಿದಾದ ಅಪರಾಧವೆಂದು ಎಣಿಸಲ್ಪಟ್ಟಿರುವುದು ಒಂದು. ಮುದ್ರೆಯಿಲ್ಲದವನು ಒಂದು ನಿಯಮವನ್ನು ಮೀರಿದನು. ಕಳ್ಳಮುದ್ರೆಯವನು ಎಲ್ಲ ಮುದ್ರೆಗಳ ಮೇಲಣ ನಂಬಿಕೆಯನ್ನೇ ಕೆಡಿಸಿದನು. ಮುದ್ರೆಯನ್ನು ಕೊಡುವವನು ಮುದ್ರಾಧ್ಯಕ್ಷನಾದರೆ, ದಾರಿಯಲ್ಲಿ ಅದನ್ನು ಪರೀಕ್ಷಿಸುವವನು ವಿವೀತಾಧ್ಯಕ್ಷನೆಂಬ ಬೇರೊಬ್ಬ ಅಧಿಕಾರಿಯಾಗಿರುವುದು ಇನ್ನೊಂದು. ಪರೀಕ್ಷಿಸುವವನಿಗೆ ದಾರಿಗನ ಪರಿಚಯವಿರಬೇಕಾದುದಿಲ್ಲ. ಮುದ್ರೆಯ ಪರಿಚಯವಿದ್ದರೆ ಸಾಕು. ಇಂದಿನ ಗಣಕವ್ಯವಸ್ಥೆಗಳಲ್ಲಿಯೂ ಗುರುತನ್ನು ಪ್ರಮಾಣಿಸಿ ಕೊಡುವ ಸಂಸ್ಥೆಯು ಬೇರೆ, ಅದನ್ನು ನಂಬಿ ಬಾಗಿಲು ತೆರೆಯುವ ಸಂಸ್ಥೆಯು ಬೇರೆಯಾಗಿರುವುದುಂಟು.

೩

ಮುದ್ರೆಯನ್ನು ಕಳೆದುಕೊಂಡರೆ ಏನಾಗುವುದೆಂಬುದಕ್ಕೆ ವಿಶಾಖದತ್ತನ ‘ಮುದ್ರಾರಾಕ್ಷಸ’ಕ್ಕಿಂತ ಮೇಲಾದ ನಿದರ್ಶನವು ದೊರೆಯುವುದು ಕಷ್ಟ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೨೩ರಲ್ಲಿ, ಕೆಂಪುನಾರಾಯಣನು ಆ ಕಥೆಯನ್ನು ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಆಗಿದೆ. ನಾಟಕದಲ್ಲಿ ಅಮಾತ್ಯರಾಕ್ಷಸನು ಪಾಟಲಿಪುತ್ರವನ್ನು ಬಿಡುವಾಗ ತನ್ನ ಹೆಸರಿನ ಉಂಗುರವನ್ನು ಹೆಂಡತಿಗೆ ಕೊಟ್ಟು ಹೋಗುವನು. ಚಂದನದಾಸನ ಮನೆಯ ಬಾಗಿಲಲ್ಲಿ ಅದು ಅವಳ ಬೆರಳಿನಿಂದ ಜಾರಿ ಚಾಣಕ್ಯನ ಗೂಢಚಾರನ ಕಾಲ ಬಳಿ ಬೀಳುವುದು. ಚಾಣಕ್ಯನು ರಾಕ್ಷಸನ ಮಿತ್ರನಾದ ಶಕಟದಾಸನ ಕೈಯಿಂದಲೇ ಉಪಾಯವಾಗಿ ಒಂದು ಪತ್ರವನ್ನು ಬರೆಯಿಸಿ, ಆ ಉಂಗುರದಿಂದ ಮುದ್ರೆಯೊತ್ತುವನು. ಪತ್ರವು ಸಿಕ್ಕಿದಾಗ ಮಲಯಕೇತುವು ಕಣ್ಣುಮುಚ್ಚಿ ನಂಬುವುದಿಲ್ಲ. ಶಕಟದಾಸನ ಬೇರೊಂದು ಬರಹವನ್ನು ತರಿಸಿ ಅಕ್ಷರವನ್ನು ಹೋಲಿಸುವನು. ಅಕ್ಷರವೂ ನಿಜ, ಮುದ್ರೆಯೂ ನಿಜ. ಪತ್ರದ ಅಭಿಪ್ರಾಯವೊಂದೇ ಸುಳ್ಳು. ಎರಡು ಪರೀಕ್ಷೆಗಳಲ್ಲಿಯೂ ಗೆದ್ದ ಆ ಪತ್ರವು ರಾಕ್ಷಸನನ್ನು ದ್ರೋಹಿಯನ್ನಾಗಿ ಮಾಡಿ, ಅವನ ಪಕ್ಷವನ್ನೆಲ್ಲ ಒಡೆಯುವುದು.

ರಾಕ್ಷಸನ ತಪ್ಪು ಯಾವುದು? ತನ್ನ ಅಧಿಕಾರದ ಚಿಹ್ನೆಯನ್ನು ಇನ್ನೊಬ್ಬರ ಬೆರಳಿಗೆ ಇಟ್ಟುದು ಒಂದು. ಅದು ಕಳೆದ ಮೇಲೆ ಆ ಮುದ್ರೆಯು ಇನ್ನು ನಡೆಯದೆಂದು ಯಾರಿಗೂ ಸಾರದಿದ್ದುದು ಮತ್ತೊಂದು. ಗುಪ್ತಪದವನ್ನು ಮತ್ತೊಬ್ಬನಿಗೆ ಹೇಳಬಾರದು, ಕೆಲಸ ಬಿಟ್ಟವನ ಅಧಿಕಾರವನ್ನು ಅಂದೇ ರದ್ದುಮಾಡಬೇಕು ಎಂದು ಇಂದಿನ ಕಾರ್ಖಾನೆಗಳಲ್ಲಿ ಹೇಳುವ ನಿಯಮಗಳ ತಿರುಳು ಇದೇ ಆಗಿದೆ. ಅದೇ ನಾಟಕದ ಐದನೆಯ ಅಂಕದಲ್ಲಿ, ಭಾಗುರಾಯಣನ ಮುದ್ರೆಯಿಲ್ಲದೆ ಯಾರೂ ಪಾಳೆಯದಿಂದ ಹೊರಡಕೂಡದೆಂಬ ಕಟ್ಟಳೆಯೂ ಬರುವುದು. ಹೆಸರಿನ ಮುದ್ರೆ ಮತ್ತು ದಾರಿಯ ಮುದ್ರೆ ಎಂಬ ಎರಡು ಜಾತಿಗಳನ್ನೂ ಕವಿಯು ಬೇರೆ ಬೇರೆಯಾಗಿ ತಿಳಿದಿದ್ದನೆಂಬುದು ಇದರಿಂದ ಸ್ಪಷ್ಟವಾಗುವುದು.

ಕನ್ನಡ ಸಾಹಿತ್ಯದ ಅಂಕಿತಗಳನ್ನೂ ಇಲ್ಲಿಯೇ ನೆನೆಯಬಹುದು. ‘ಕೂಡಲಸಂಗಮದೇವ’ ಎಂಬ ಅಂಕಿತದಿಂದ ಬಸವಣ್ಣನವರ ವಚನವೆಂದೂ, ‘ಪುರಂದರವಿಠಲ’ ಎಂಬುದರಿಂದ ಪುರಂದರದಾಸರ ಪದವೆಂದೂ ತಿಳಿಯುವುದು. ದಾಸಪರಂಪರೆಯಲ್ಲಿ ಗುರುವಾದವನು ಶಿಷ್ಯನಿಗೆ ಅಂಕಿತವನ್ನು ಕೊಡುವ ಪದ್ಧತಿಯೂ ಉಂಟು. ಆದರೆ ಅಂಕಿತವು ಎಲ್ಲರೂ ಕೇಳಿ ಬಲ್ಲ ಮಾತು. ಅದನ್ನು ಸೇರಿಸಿ ಬೇರೊಬ್ಬನು ಹಾಡು ಕಟ್ಟಿದರೆ ತಡೆಯುವುದಕ್ಕೆ ಅದರಲ್ಲಿಯೇ ಯಾವ ಉಪಾಯವೂ ಇಲ್ಲ. ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ಸಂಪಾದಕರು ಹಸ್ತಪ್ರತಿ, ಭಾಷೆ, ಭಾವಗಳ ಮೊರೆಹೋಗಬೇಕಾಗಿರುವುದು ಇದರಿಂದಲೇ. ಅಂಕಿತವು ಗುರುತನ್ನು ಹೇಳುವುದೇ ಹೊರತು ಅದನ್ನು ಸಾಧಿಸುವುದಿಲ್ಲ. ಮೊದಲನೆಯ ಪ್ರಶ್ನೆಗೂ ಎರಡನೆಯ ಪ್ರಶ್ನೆಗೂ ಇರುವ ಅಂತರವು ಇಷ್ಟೇ.

೪

ಶಾಸನಗಳಿಗೆ ಬಂದರೆ ಈ ಅಂತರವು ಭೂಮಿಯ ಒಡೆತನದ ಪ್ರಶ್ನೆಯಾಗುವುದು. ದಾನಕೊಟ್ಟ ಅರಸನು ತೀರಿಕೊಂಡ ಮೇಲೆಯೂ ದಾನವು ನಿಲ್ಲಬೇಕಾದರೆ ಪತ್ರವೇ ಸಾಕ್ಷಿ ನುಡಿಯಬೇಕು. ಆದುದರಿಂದ ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಲಾಂಛನದ ಮುದ್ರೆಯೊಳಗೆ ಬೆಸೆಯುತ್ತಿದ್ದರು. ನಡುವೆ ಒಂದು ಹಲಗೆಯನ್ನು ತೆಗೆಯಬೇಕಾದರೂ ಸೇರಿಸಬೇಕಾದರೂ ಬಳೆಯನ್ನು ಕತ್ತರಿಸಬೇಕಾಗುತ್ತಿತ್ತು. ಬಾದಾಮಿಯ ಚಾಲುಕ್ಯರಿಗೆ ವರಾಹವೂ ರಾಷ್ಟ್ರಕೂಟರಿಗೆ ಗರುಡನೂ ತಲಕಾಡಿನ ಗಂಗರಿಗೆ ಆನೆಯೂ ಲಾಂಛನಗಳಾಗಿದ್ದವು. ವಿಜಯನಗರದ ಅರಸರ ತಾಮ್ರಪಟಗಳಲ್ಲಿ ಸಂಸ್ಕೃತ ಶಾಸನವು ನಾಗರಿ ಲಿಪಿಯಲ್ಲಿದ್ದರೂ, ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವು ಕನ್ನಡ ಅಕ್ಷರಗಳಲ್ಲಿರುವುದು.

ಇಷ್ಟು ಎಚ್ಚರವಿದ್ದರೂ ಕೂಟಶಾಸನಗಳು ಹುಟ್ಟದೆ ಇರಲಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ಬಹಳಷ್ಟು ಕೃತ್ರಿಮವೆಂದು ಜೆ. ಎಫ್. ಫ್ಲೀಟರು ಲಿಪಿಯನ್ನೂ ಕಾಲವನ್ನೂ ಆಧಾರಮಾಡಿ ವಾದಿಸಿದರು, ಬಿ. ಎಲ್. ರೈಸರು ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಆ ವಾದದಿಂದ ತಿಳಿಯುವ ನೀತಿಯೇನೆಂದರೆ, ಮುದ್ರೆಯ ಆನೆಯನ್ನು ನೋಡಿ ಯಾವ ಪಂಡಿತನೂ ತೀರ್ಮಾನಕ್ಕೆ ಬರಲಿಲ್ಲವೆಂಬುದು. ಅಕ್ಷರದ ರೂಪ, ತಿಥಿವಾರಗಳ ಹೊಂದಿಕೆ, ವಂಶಾವಳಿ ಇವುಗಳೇ ಪ್ರಮಾಣಗಳಾದವು. ಅನುಕರಿಸುವುದಕ್ಕೆ ಸುಲಭವಾದ ಚಿಹ್ನೆಯೊಂದನ್ನೇ ನೆಚ್ಚಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷ್ಯಗಳು ಒಂದೆಡೆ ಕೂಡಬೇಕು.

೫

ಅರಸರ ಶಾಸನಗಳ ಕಾಲವು ಮುಗಿದ ಮೇಲೆ ಭೂಮಿಯ ಸಾಕ್ಷ್ಯವು ಶಾನುಭೋಗನ ಲೆಕ್ಕಪತ್ರಗಳಲ್ಲಿ ನೆಲೆಸಿತು. ಶಾನುಭೋಗಿಕೆಯು ವಂಶಪಾರಂಪರ್ಯವಾಗಿ ಬರುತ್ತಿದ್ದುದರಿಂದ ಅಧಿಕಾರವು ಹುದ್ದೆಗೆ ಸೇರಿದ್ದೋ ಮನೆತನಕ್ಕೆ ಸೇರಿದ್ದೋ ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರಲ್ಲಿ ಜಾರಿಗೆ ಬಂದು ಆ ಗಂಟನ್ನು ಕತ್ತರಿಸಿತು. ಸಂಬಳದ ಗ್ರಾಮಲೆಕ್ಕಿಗನು ಬಂದನು. ಅವನು ವರ್ಗವಾದೊಡನೆ ಅಧಿಕಾರವು ಅವನನ್ನು ಬಿಟ್ಟು ಮುಂದಿನವನಿಗೆ ಸೇರುವಂತಾಯಿತು. ಅಧಿಕಾರವನ್ನು ವ್ಯಕ್ತಿಗೆ ಕಟ್ಟದೆ ಹುದ್ದೆಗೆ ಕಟ್ಟಬೇಕೆಂಬ ತತ್ತ್ವವನ್ನು ಗಣಕಶಾಸ್ತ್ರದಲ್ಲಿ ಫೆರಾಯೋಲೊ ಮತ್ತು ಕೂನ್ ಎಂಬ ವಿದ್ವಾಂಸರು ೧೯೯೨ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಯಾವನಿಗೂ ಅವನ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಧಿಕಾರವಿರಕೂಡದೆಂಬುದನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬವರು ೧೯೭೫ರಲ್ಲಿಯೇ ಹೇಳಿದ್ದರು.

ಗ್ರಾಮಲೆಕ್ಕಿಗನ ಕೈಯಲ್ಲಿದ್ದ ಪುಸ್ತಕವು ಮಾತ್ರ ಹಳೆಯ ರೀತಿಯದಾಗಿಯೇ ಉಳಿಯಿತು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು ತಿದ್ದಿದವರು ಯಾರು, ಯಾವಾಗ ತಿದ್ದಿದರು ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿರಲಿಲ್ಲ. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು ೬೭ ಲಕ್ಷ ರೈತರಿಗೆ ಸೇರಿದ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೦೨ರ ವೇಳೆಗೆ ಆಗಿದ್ದ ೧೭೭ ತಾಲ್ಲೂಕುಗಳಲ್ಲಿಯೂ ಇದು ನೆಲೆಗೊಂಡು, ಹದಿನೈದು ರೂಪಾಯಿಗೆ ಪಹಣಿಯ ಪ್ರತಿಯು ದೊರೆಯುವಂತಾಯಿತು.

ಈ ಯೋಜನೆಯಲ್ಲಿ ಅಧಿಕಾರಿಗಳನ್ನು ಗುರುತಿಸಲು ಗುಪ್ತಪದವೊಂದನ್ನೇ ನಂಬದೆ ಬೆರಳಚ್ಚನ್ನು ಇಟ್ಟುದು ಚರಿತ್ರೆಯಲ್ಲಿ ಗಮನಿಸಬೇಕಾದ ಹೆಜ್ಜೆ. ಗುಪ್ತಪದವನ್ನು ಯಾರೋ ಕದ್ದರೆಂದು ಹೇಳಿ ತಪ್ಪಿಸಿಕೊಳ್ಳಬಹುದು. ತನ್ನ ಬೆರಳನ್ನು ಕದ್ದರೆಂದು ಹೇಳುವುದು ಅಷ್ಟು ಸುಲಭವಲ್ಲ. ೧೮೫೮ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲನು ಗುತ್ತಿಗೆದಾರನೊಬ್ಬನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿದುದು ಕೊಟ್ಟ ಮಾತನ್ನು ಅವನು ಅಲ್ಲಗಳೆಯದಿರಲೆಂದು. ಅಂದು ಅಧಿಕಾರಿಯು ಪ್ರಜೆಯಿಂದ ಪಡೆದ ಅಚ್ಚನ್ನು ‘ಭೂಮಿ’ಯಲ್ಲಿ ಅಧಿಕಾರಿಯೇ ಕೊಡಬೇಕಾಯಿತು. ಇದಲ್ಲದೆ ಹಕ್ಕು ಬದಲಾವಣೆಯನ್ನು ನಮೂದಿಸುವವನು ಬೇರೆ, ಒಪ್ಪುವವನು ಬೇರೆಯಾದನು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕಾಯಿತು.

ಆದರೂ ಆಕ್ಷೇಪಗಳು ಇಲ್ಲದಿರಲಿಲ್ಲ. ಸಾಲೊಮನ್ ಬೆಂಜಮಿನ್ ಮೊದಲಾದವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಯಲ್ಲಿದ್ದ ದಾಖಲೆಯು ತಾಲ್ಲೂಕಿನ ಕಚೇರಿಗೆ ಏರಿದುದರಿಂದ ಸಣ್ಣ ರೈತನ ಕೈಗೆ ಅದು ದೂರವಾಯಿತೆಂದೂ, ಬೆಂಗಳೂರಿನ ಹೊರವಲಯದಲ್ಲಿ ದೊಡ್ಡ ಪ್ರಮಾಣದಲ್ಲಿ ಭೂಮಿಯನ್ನು ಕೊಳ್ಳುವವರಿಗೆ ಅದು ಅನುಕೂಲವಾಯಿತೆಂದೂ ವಾದಿಸಿದರು. ಬೊಮ್ಮಸಂದ್ರದಂತಹ ಊರುಗಳ ಸುತ್ತಲಿನ ರೈತನಿಗೆ ಇದು ಶಾಸ್ತ್ರಚರ್ಚೆಯಲ್ಲ. ಹೊಲದ ಬೆಲೆಯು ಏರಿದಷ್ಟೂ ಪಹಣಿಯ ಒಂದು ಸಾಲಿನ ಬೆಲೆಯೂ ಏರುವುದು.

೬

‘ಭೂಮಿ’ಯಲ್ಲಿ ಅಧಿಕಾರಿಗೆ ಆದುದು ‘ಆಧಾರ್’ನಲ್ಲಿ ಪ್ರಜೆಗಳಿಗೆಲ್ಲ ವಿಸ್ತರಿಸಿತು. ೨೦೦೯ರಲ್ಲಿ ಸ್ಥಾಪಿತವಾದ ಗುರುತಿನ ಪ್ರಾಧಿಕಾರಕ್ಕೆ ಬೊಮ್ಮಸಂದ್ರದ ನೆರೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿಯವರು ಮೊದಲ ಅಧ್ಯಕ್ಷರಾದರು. ಅದನ್ನು ಪ್ರಶ್ನಿಸಿ ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಅದೇ ಪ್ರಕರಣದಲ್ಲಿ ತೀರ್ಪಿತ್ತಿತು. ೨೦೧೮ರ ಸೆಪ್ಟೆಂಬರ್ ೨೬ರ ತೀರ್ಪು ಆಧಾರ್ ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಖಾಸಗಿ ಸಂಸ್ಥೆಗಳು ಅದನ್ನು ಕೇಳುವುದಕ್ಕೆ ಇದ್ದ ಅವಕಾಶವನ್ನು ತೆಗೆದುಹಾಕಿತು. ನಾಡಿನ ಗುರುತಿನ ಚರಿತ್ರೆಯ ಎರಡು ಪಕ್ಷಗಳಲ್ಲಿಯೂ ಹೀಗೆ ಕನ್ನಡನಾಡಿನವರು ಇದ್ದರು.

ಆಧಾರ್‌ನ ಹನ್ನೆರಡು ಅಂಕಿಗಳು ಅಂಕಿತದಂತೆ. ಅವು ಯಾರೆಂದು ಹೇಳುವುವು, ನಿಜವೆಂದು ಸಾಧಿಸಲಾರವು. ಸಾಧಿಸುವುದು ಬೆರಳು ಅಥವಾ ಕಣ್ಣು. ಆದರೆ ಉಂಗುರಕ್ಕೂ ಬೆರಳಿಗೂ ಒಂದು ಭೇದವುಂಟು. ರಾಕ್ಷಸನು ಬಯಸಿದ್ದರೆ ಹಳೆಯ ಮುದ್ರೆಯನ್ನು ರದ್ದುಮಾಡಿ ಹೊಸತನ್ನು ಕೆತ್ತಿಸಬಹುದಾಗಿತ್ತು. ಬೆರಳನ್ನು ಹೊಸದಾಗಿ ಕೆತ್ತಿಸಲಾಗದು. ದುಡಿದು ಸವೆದ ಬೆರಳನ್ನು ಯಂತ್ರವು ಗುರುತಿಸದಿದ್ದರೆ, ಮುಂದೆ ನಿಂತ ಮನುಷ್ಯನು ನಿಜವಾಗಿದ್ದರೂ ಸುಳ್ಳಾಗುವನು.

ಒಟ್ಟಿನಲ್ಲಿ ಈ ಚರಿತ್ರೆಯಲ್ಲಿ ಮೂರು ಬಗೆಯ ಮೋಸಗಳು ಕಾಣುವುವು. ಕೂಟಶಾಸನದಲ್ಲಿ ಮುದ್ರೆಯೇ ಸುಳ್ಳು. ರಾಕ್ಷಸನ ಪ್ರಸಂಗದಲ್ಲಿ ಮುದ್ರೆಯು ನಿಜ, ಒತ್ತಿದ ಕೈ ಬೇರೆ. ಮೂರನೆಯದರಲ್ಲಿ ಮುದ್ರೆಯೂ ನಿಜ, ಕೈಯೂ ನಿಜ, ಬರೆದ ಮಾತು ಸುಳ್ಳು. ಮೊದಲೆರಡನ್ನು ತಡೆಯುವುದರಲ್ಲಿ ಬೆರಳಚ್ಚು ಬಹಳ ಮಟ್ಟಿಗೆ ಸಮರ್ಥವಾಗಿದೆ. ಮೂರನೆಯದಕ್ಕೆ ಅದು ಮದ್ದಲ್ಲ. ತಪ್ಪು ಮಾಡಿದವನಾರೆಂದು ಆಮೇಲೆ ಹೇಳಬಲ್ಲುದೇ ಹೊರತು ತಪ್ಪನ್ನು ಮುಂಚೆಯೇ ತಡೆಯಲಾರದು. ಅದನ್ನು ತಡೆಯಬೇಕಾದರೆ ಎರಡನೆಯ ಅಧಿಕಾರಿಯ ಕಣ್ಣೂ, ಊರವರು ನೋಡಿ ತಕರಾರು ಹೇಳಬಹುದಾದ ಬಹಿರಂಗ ಲೆಕ್ಕವೂ ಬೇಕು. ಊರೊಟ್ಟಿನ ದಾನಶಾಸನಗಳಲ್ಲಿ ಸಾಕ್ಷಿಗಳ ಹೆಸರುಗಳನ್ನು ಸಾಲಾಗಿ ಕೆತ್ತಿಸಿ, ಕಲ್ಲನ್ನು ಎಲ್ಲರ ಕಣ್ಣಿಗೆ ಬೀಳುವೆಡೆಯಲ್ಲಿ ನಿಲ್ಲಿಸುತ್ತಿದ್ದ ಹಿಂದಿನವರಿಗೆ ಈ ವಿಷಯವು ತಿಳಿಯದೆ ಇರಲಿಲ್ಲ.