ಗಬ್ಬದ ಆಡು, ಕುರಿ ಮಲಗಿಬಿಟ್ಟರೆ ಬೆಲ್ಲದ ನೀರು ಕುಡಿಸಿದರೆ ಸಾಕೇ?

ಗಬ್ಬದ ಆಡು ಮೇವು ಬಿಟ್ಟು ಮಲಗಿದರೆ ಬೆಲ್ಲದ ನೀರು ಕುಡಿಸಿ, ಎದ್ದು ನಿಲ್ಲುತ್ತದೆ ಎಂಬ ಸಲಹೆ ಊರಲ್ಲೂ ಸಿಗುತ್ತದೆ, ವಾಟ್ಸ್‌ಆ್ಯಪ್‌ನಲ್ಲೂ ಸಿಗುತ್ತದೆ. ಇದು ಅರ್ಧ ಮಾತ್ರ ಸರಿ. ಅದರ ರಕ್ತದಲ್ಲಿ ಸಕ್ಕರೆ ಕುಸಿದಿರುವುದು ನಿಜ. ಆದರೆ ಬೆಲ್ಲ ಅದನ್ನು ಏರಿಸುವುದಿಲ್ಲ.

ಆಡು, ಕುರಿಗಳ ಗರ್ಭ ಸುಮಾರು 150 ದಿನ. ಮರಿ ಬಹುಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಅವಳಿ ಮರಿಗಳಿದ್ದರೆ ಅವು ತಾಯಿಯ ಗ್ಲೂಕೋಸ್ ಎಳೆದುಕೊಳ್ಳುತ್ತವೆ, ಜೊತೆಗೆ ಹೊಟ್ಟೆಯೊಳಗಿನ ಜಾಗವನ್ನೂ ಆಕ್ರಮಿಸುತ್ತವೆ. ಹೆಚ್ಚು ತಿನ್ನಬೇಕಾದ ಹೊತ್ತಿನಲ್ಲೇ ತಾಯಿಗೆ ಹೆಚ್ಚು ತಿನ್ನಲಾಗುವುದಿಲ್ಲ. ಆಗ ದೇಹ ತನ್ನ ಕೊಬ್ಬನ್ನೇ ಕರಗಿಸುತ್ತದೆ. ಕೊಬ್ಬು ವಿಪರೀತ ಕರಗಿದಾಗ ಯಕೃತ್ತಿನಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ತಯಾರಾಗಿ ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಇದೇ ಗರ್ಭ ನಂಜು. ಬಡಕಲು ಆಡಿಗೆ ಮಾತ್ರವಲ್ಲ, ಕೊಬ್ಬಿದ ಆಡಿಗೂ ಬರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕುರಿ ಅಪರೂಪ, ಆಡೇ ಹೆಚ್ಚು. ಕಾಯಿಲೆ ಎರಡಕ್ಕೂ ಒಂದೇ. ಇಲ್ಲಿನ ಅಪಾಯದ ಕಾಲ ಮಳೆಗಾಲ. ನಾಲ್ಕು ದಿನ ಬಿಡದೆ ಸುರಿದರೆ ಆಡು ಗೂಡಿನಿಂದ ಹೊರಗೆ ಹೋಗುವುದಿಲ್ಲ, ಕಡಿದು ತಂದ ಸೊಪ್ಪೂ ನೀರಿನಿಂದ ತೊಯ್ದಿರುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಶಕ್ತಿ ಸಾಲದು. ಒಂದು ದಿನದ ಉಪವಾಸವೂ ಅವಳಿ ಹೊತ್ತ ಆಡನ್ನು ಕೆಡವಬಹುದು.

ಮೊದಲು ಅದು ಹಿಂಡಿಯನ್ನು ಮೂಸಿ ಬಿಡುತ್ತದೆ, ಗುಂಪಿನಿಂದ ಬೇರೆ ನಿಲ್ಲುತ್ತದೆ. ಆಮೇಲೆ ಕಣ್ಣು ಕಾಣದಂತೆ ಎಡವುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಹಲ್ಲು ಕಡಿಯುತ್ತದೆ. ಉಸಿರಿಗೆ ನೇಲ್ ಪಾಲಿಶ್ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಇರಬಹುದು. ಮಿದುಳಿಗೆ ಸಕ್ಕರೆ ಸಾಲದೆ ಹೀಗಾಗುತ್ತದೆ. ಇದು ದೃಷ್ಟಿ ತಾಗಿದ್ದೂ ಅಲ್ಲ, ಪಕ್ಕದ ಆಡಿಗೆ ಹರಡುವುದೂ ಇಲ್ಲ.

ಹಾಗಾದರೆ ಬೆಲ್ಲ ಯಾಕೆ ಬೇಡ? ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಬೆಲ್ಲವನ್ನು ಅವೇ ಹುಳಿ ಬರಿಸಿ ಮುಗಿಸುತ್ತವೆ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದು ಅತ್ಯಲ್ಪ. ಜಾಸ್ತಿ ಕುಡಿಸಿದರೆ ಹೊಟ್ಟೆಯೇ ಹುಳಿಯಾಗುತ್ತದೆ. ಮದುವೆ ಮನೆಯ ಉಳಿದ ಅನ್ನ ಸುರಿದಾಗ ಆಗುವುದೂ ಇದೇ. ವೈದ್ಯರು ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಕೊಡುತ್ತಾರೆ, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಯಕೃತ್ತು ಅದರಿಂದ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಪೂರ್ತಿ ಮಲಗಿದ ಮೇಲೆ ಚಿಕಿತ್ಸೆ ಫಲಿಸುವುದು ಕಡಿಮೆ. ತಲೆ ಎತ್ತಲಾಗದ ಆಡಿಗೆ ಏನನ್ನೂ ಸುರಿಯಲೇಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಮಲಗಿದ್ದಕ್ಕೆ ಇನ್ನೊಂದು ಕಾರಣ ಕ್ಯಾಲ್ಸಿಯಂ ಕೊರತೆ, ಅಂದರೆ ಹಾಲು ಜ್ವರ. ಹೆಸರಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವುದಿಲ್ಲ, ಕಿವಿ ತಣ್ಣಗಿರುತ್ತದೆ. ಹಸುವಿಗೆ ಇದು ಸಾಮಾನ್ಯವಾಗಿ ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ. ಕುರಿಗೆ ಹೆಚ್ಚಾಗಿ ಮರಿ ಹಾಕುವ ಮೊದಲೇ ಬರುತ್ತದೆ, ಮರಿಗಳ ಮೂಳೆಗೆ ಕ್ಯಾಲ್ಸಿಯಂ ಹೋಗುವುದರಿಂದ. ಜಾಸ್ತಿ ಹಾಲು ಕೊಡುವ ಆಡಿಗೆ ಮರಿ ಹಾಕಿದ ಮೇಲೂ ಬರಬಹುದು. ಹೈನುಗಾರಿಕೆಯ ಊರುಗಳಲ್ಲಿ ಹಸುವಿನ ಸಲಹೆಯನ್ನೇ ಆಡಿಗೂ ಹೇಳಿಬಿಡುತ್ತಾರೆ, ಎಡವಟ್ಟಾಗುವುದು ಅಲ್ಲೇ. ಗಬ್ಬದ ಹಸುವಿಗೆ ಮೊದಲೇ ಕ್ಯಾಲ್ಸಿಯಂ ತುಂಬಿಸಿದರೆ, ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ದೇಹದ ವ್ಯವಸ್ಥೆ ಮಂದವಾಗಿ ಹಾಲು ಜ್ವರದ ಅಪಾಯ ಹೆಚ್ಚುತ್ತದೆ. ಅವಳಿ ಹೊತ್ತ ಕುರಿ, ಆಡಿನ ಮೇವಿನಲ್ಲಿ ಮಾತ್ರ ಕ್ಯಾಲ್ಸಿಯಂ ಸಾಕಷ್ಟಿರಬೇಕು. ಕ್ಯಾಲ್ಸಿಯಂ ಚುಚ್ಚುಮದ್ದಿಗೆ ಪ್ರಾಣಿ ಬೇಗನೆ ಚೇತರಿಸುತ್ತದೆ, ಆದರೆ ರಕ್ತನಾಳಕ್ಕೆ ವೇಗವಾಗಿ ಹೋದರೆ ಹೃದಯ ನಿಲ್ಲಬಹುದು. ಅದು ವೈದ್ಯರ ಕೆಲಸ.

ತಡೆಯುವುದು ಅಗ್ಗ. ಕೊನೆಯ ಆರು ವಾರ ಸೊಪ್ಪಿನ ಜೊತೆ ದಿನಕ್ಕೆ 200ರಿಂದ 300 ಗ್ರಾಂ ಮೆಕ್ಕೆಜೋಳ, ತೌಡು, ಹಿಂಡಿಯ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಎರಡು ಹೊತ್ತಿಗೆ ಹಂಚಿ ಕೊಡಿ. ಆಡು ಒಂದು ಹೊತ್ತು ಮೇವು ಬಿಟ್ಟರೂ ಪಶು ಆಸ್ಪತ್ರೆಗೆ, ಇಲ್ಲವೇ ಸಂಚಾರಿ ಪಶು ಚಿಕಿತ್ಸಾ ಘಟಕದ 1962ಕ್ಕೆ ಕರೆ ಮಾಡಿ. ಗಬ್ಬ ಎಷ್ಟು ತಿಂಗಳು, ಯಾವಾಗಿನಿಂದ ತಿಂದಿಲ್ಲ ಎಂಬುದನ್ನು ಮೊದಲು ಹೇಳಿ.