ವಿಶ್ವದ 'ಮಸ್ಕಿ ಶಾಸನ' ಇನ್ನೂ ಸಿಕ್ಕಿಲ್ಲ

ನಾಗರ ಪಂಚಮಿ ಬಂದರೆ ಸಿಂಧನೂರು, ಲಿಂಗಸುಗೂರು ಕಡೆ ಮರಗಳಿಗೆ ಜೋಕಾಲಿ ಬೀಳುತ್ತವೆ. ನಿಂತು ಜೀಕುವವರನ್ನು ಗಮನಿಸಿ. ಎರಡೂ ತುದಿಗಳಲ್ಲಿ ಮಂಡಿ ಮಡಚುತ್ತಾರೆ, ನಡುವೆ ಬಂದಾಗ ಎದ್ದು ನಿಲ್ಲುತ್ತಾರೆ. ಹಿಂದಿನಿಂದ ಯಾರೂ ತಳ್ಳಲ್ಲ, ಆದರೂ ಜೋಕಾಲಿ ಏರುತ್ತಲೇ ಹೋಗುತ್ತೆ. ವಿಶ್ವ ಕಣಗಳಿಂದ ತುಂಬಿದ್ದು ಹೇಗೆ ಎಂಬ ಪ್ರಶ್ನೆಗೆ ಭೌತವಿಜ್ಞಾನಿಗಳು ಕೊಡುವ ಉತ್ತರ ಹೆಚ್ಚುಕಡಿಮೆ ಇದೇ ಜೀಕಾಟ.

ಸಮಸ್ಯೆ ಏನು?

1981ರಲ್ಲಿ ಅಲನ್ ಗೂತ್ 'ಇನ್‌ಫ್ಲೇಶನ್' ಸಿದ್ಧಾಂತ ಮುಂದಿಟ್ಟರು. ಹಣದುಬ್ಬರ ಅಲ್ಲ, ವಿಶ್ವದ ಉಬ್ಬರ. ಆರಂಭದ ಅತಿ ಸಣ್ಣ ಕ್ಷಣದಲ್ಲಿ ವಿಶ್ವ ಊಹೆಗೆ ನಿಲುಕದಷ್ಟು ಹಿಗ್ಗಿತು ಅನ್ನುವುದು ಅದರ ಸಾರ. ಹಾಗೆ ಹಿಗ್ಗಿದರೆ ಒಳಗಿದ್ದದ್ದೆಲ್ಲ ತೆಳುವಾಗಿ ಚದುರಿಹೋಗುತ್ತೆ. ಉಳಿಯುವುದು ತಣ್ಣನೆಯ, ಬಹುತೇಕ ಖಾಲಿ ವಿಶ್ವ. ಹಾಗಾದರೆ ನಾವು, ನೀವು, ಈ ಗುಡ್ಡ, ಈ ಭತ್ತದ ಗದ್ದೆ ಎಲ್ಲಿಂದ ಬಂದವು?

ಜೀಕುವ ಕ್ಷೇತ್ರ

ಶಕ್ತಿ ಎಲ್ಲೂ ಹೋಗಿರಲಿಲ್ಲ. ಅದು 'ಇನ್‌ಫ್ಲಾಟಾನ್' ಎಂಬ ಕ್ಷೇತ್ರದಲ್ಲಿತ್ತು. ಕ್ಷೇತ್ರ ಅಂದರೆ ಹವಾಮಾನ ನಕ್ಷೆಯ ಉಷ್ಣಾಂಶದ ಹಾಗೆ: ಪ್ರತಿ ಜಾಗದಲ್ಲೂ ಒಂದು ಬೆಲೆ. ಉಬ್ಬರ ಮುಗಿದಾಗ ಈ ಕ್ಷೇತ್ರ ಬಟ್ಟಲಿನೊಳಗಿನ ಗೋಲಿಯಂತೆ ಅತ್ತಿತ್ತ ಆಡತೊಡಗಿತು. ಅದರೊಂದಿಗೆ ನಂಟಿರುವ ಬೇರೆ ಕಣಗಳ ದ್ರವ್ಯರಾಶಿಯೂ ಅದೇ ತಾಳಕ್ಕೆ ಏರಿಳಿಯಿತು. ಜೋಕಾಲಿಯಲ್ಲಿ ಮಂಡಿ ಮಡಚಿ ಎದ್ದ ಹಾಗೆ, ಒಂದು ಸುತ್ತಿಗೆ ಎರಡು ಸಲ. ಕ್ಷೇತ್ರ ನಡುವಿನ ಬಿಂದು ದಾಟಿದಾಗಲೆಲ್ಲ ಕಣಗಳ ಒಂದು ಹೊಸ ಸಿಡಿತ.

ಎಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರುವ ವಿಷಯವೇ: ಪ್ಯಾರಾಮೆಟ್ರಿಕ್ ರೆಸೊನೆನ್ಸ್. 1990ರಲ್ಲಿ ಜೆನಿ ಟ್ರಾಶೆನ್ ಮತ್ತು ರಾಬರ್ಟ್ ಬ್ರಾಂಡೆನ್‌ಬರ್ಗರ್ ಇದರ ಮಹತ್ವ ತೋರಿಸಿದರು. 1994ರಲ್ಲಿ ಲೆವ್ ಕೋಫ್‌ಮನ್, ಆಂಡ್ರೇ ಲಿಂಡೆ, ಅಲೆಕ್ಸಿ ಸ್ಟಾರೊಬಿನ್‌ಸ್ಕಿ ಅದನ್ನು ವಿಸ್ತರಿಸಿದರು. ಈ ಹಂತಕ್ಕೆ 'ಪ್ರೀಹೀಟಿಂಗ್' ಎಂಬ ಹೆಸರಿದೆ. ಬೋಸಾನ್ ಕಣಗಳಾದರೆ ಸಂಖ್ಯೆ ಚಕ್ರಬಡ್ಡಿಯಂತೆ ಬೆಳೆಯುತ್ತೆ. ಎಲೆಕ್ಟ್ರಾನ್‌ನಂಥ ಫರ್ಮಿಯಾನ್‌ಗಳಿಗೆ ಒಂದು ಸ್ಥಿತಿಗೆ ಒಂದೇ ಸೀಟು, ಅದಕ್ಕೇ ಆ ಪರಿ ಬೆಳೆಯಲ್ಲ. ಮುಂದೆ ಈ ಕಣಗಳು ಡಿಕ್ಕಿಯಾಗಿ, ಒಡೆದು, ಕುದಿಯುವ ಸಾರಾದವು.

ಒಂದು ಸೂಕ್ಷ್ಮ ಇದೆ. ಪೂರ್ತಿ ನಿಂತ ಜೋಕಾಲಿಯಲ್ಲಿ ಎಷ್ಟು ಕುಳಿತೆದ್ದರೂ ಅದು ಅಲುಗಲ್ಲ. ಮೊದಲು ಚೂರು ನೂಕು ಬೇಕು. ವಿಶ್ವಕ್ಕೆ ಆ ನೂಕು ಕೊಟ್ಟದ್ದು ಕ್ವಾಂಟಮ್ ಕಂಪನ. ಕ್ವಾಂಟಮ್ ಲೋಕದಲ್ಲಿ ಯಾವ ಜೋಕಾಲಿಯೂ ಪೂರ್ತಿ ನಿಲ್ಲುವುದೇ ಇಲ್ಲ.

ಹಾಗಾದರೆ ಇದು ಸಾಬೀತಾಗಿದೆಯಾ?

ಇಲ್ಲ. ಬಿಸಿ ಸಾರು ಇತ್ತು ಅನ್ನುವುದಕ್ಕೆ ಗಟ್ಟಿ ಪುರಾವೆಗಳಿವೆ. 1965ರಲ್ಲಿ ವರದಿಯಾದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣ ಒಂದು. ಸಾಮಾನ್ಯ ವಸ್ತುವಿನ ತೂಕದಲ್ಲಿ ಸುಮಾರು ಕಾಲು ಭಾಗ ಹೀಲಿಯಂ ಇರುವುದು ಇನ್ನೊಂದು. ಆದರೆ ಆ ಸಾರು ಜೀಕಾಟದಿಂದಲೇ ಬಂತು ಅನ್ನುವುದು ಲೆಕ್ಕದಿಂದ ಬಂದ ಊಹೆ. ಪ್ರೀಹೀಟಿಂಗ್ ಗುರುತ್ವ ಅಲೆಗಳನ್ನು ಬಿಟ್ಟಿರಬಹುದು. ಆದರೆ ಸಾಮಾನ್ಯ ಮಾದರಿಗಳಲ್ಲಿ ಅವುಗಳ ಆವರ್ತನ ತುಂಬಾ ಹೆಚ್ಚು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾದ ಕಿವಿಗೂ ಅವು ಬೀಳಲ್ಲ.

ಇಲ್ಲಿ ಮಸ್ಕಿ ನೆನಪಾಗುತ್ತೆ. 'ದೇವಾನಾಂಪ್ರಿಯ' ಎಂದು ಬರೆಸಿಕೊಂಡ ಅರಸ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ 19ನೇ ಶತಮಾನದಲ್ಲೇ ಅಂದಾಜಿಸಿದ್ದರು. ತರ್ಕ ಬಲವಾಗಿತ್ತು, ಆದರೆ ಕಲ್ಲಿನ ಮೇಲೆ ಹೆಸರಿರಲಿಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯಲ್ಲಿ ಕಂಡ ಶಾಸನದಲ್ಲಿ 'ಅಸೋಕ' ಎಂಬ ಹೆಸರೇ ಇತ್ತು.

ವಿಶ್ವದ ವಿಷಯದಲ್ಲಿ ನಾವಿನ್ನೂ 1915ರ ಹಿಂದಿದ್ದೇವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಚಿನ್ನದ ಪರಮಾಣು ರೂಪುಗೊಂಡದ್ದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಂಥ ಘಟನೆಗಳಲ್ಲಿ. ಆದರೆ ಅದರೊಳಗಿನ ಕಚ್ಚಾ ಸಾಮಗ್ರಿ ಆ ಮೊದಲ ಸಾರಿನದು. ಸಾರು ಕಾಯಿಸಿದವರ ಹೆಸರು ಮಾತ್ರ ಸಿಕ್ಕಿಲ್ಲ.

'ವಿಜ್ಞಾನ ಸಾಬೀತು ಮಾಡಿದೆ', 'ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು' ಅನ್ನುವ ಫಾರ್ವರ್ಡ್‌ಗಳ ಕಾಲ ಇದು. ಯಾವುದು ಕಂಡದ್ದು, ಯಾವುದು ಊಹಿಸಿದ್ದು ಅಂತ ಬೇರೆ ಮಾಡಿ ಹೇಳುವ ಅಭ್ಯಾಸ ಭೌತವಿಜ್ಞಾನಕ್ಕೆ ಮಾತ್ರ ಬೇಕಾದದ್ದಲ್ಲ, ಅಲ್ವಾ?