ನೇಯುವ ಮುನ್ನವೇ ಅಚ್ಚಾದ ರತ್ನಗಂಬಳಿ

ಕೊರೆದ ತಾಮ್ರದ ರೋಲರಿನಿಂದ ಬಟ್ಟೆಗೆ ಅಚ್ಚು ಹಾಕುವ ಯಂತ್ರಕ್ಕೆ ಥಾಮಸ್ ಬೆಲ್ ಪೇಟೆಂಟ್ ಪಡೆದದ್ದು 1783ರಲ್ಲಿ. ಐವತ್ತು ವರ್ಷ ಕಳೆಯುವುದರೊಳಗೆ ಬ್ರಿಟನ್ನಿನ ಗಿರಣಿಗಳು ತೆಳು ಹತ್ತಿಬಟ್ಟೆಯ ಮೇಲೆ ಹೂಬಳ್ಳಿಗಳನ್ನು ಮೈಲುಗಟ್ಟಲೆ ಮೂಡಿಸುತ್ತಿದ್ದವು. ಮನೆಯ ಪರದೆಗೆ, ಹೆಂಗಸರ ಉಡುಪಿಗೆ ಬಂದ ಈ ಅಗ್ಗದ ಸೊಬಗು ನೆಲಹಾಸಿಗೆ ಮಾತ್ರ ಇಳಿಯಲಿಲ್ಲ. ದಪ್ಪ ಉಣ್ಣೆಯ ರತ್ನಗಂಬಳಿಯ ಮುಂದೆ ರೋಲರ್ ಸೋತಿತ್ತು.

ಸೋಲಿಗೆ ಕಾರಣ ಗಂಬಳಿಯ ಮೈಯಲ್ಲೇ ಇತ್ತು. ಅಚ್ಚಿಗೆ ಬೇಕಾದದ್ದು ಸಮತಟ್ಟಾದ ಮೇಲ್ಮೈ. ಗಂಬಳಿಯಲ್ಲಿ ಇದ್ದದ್ದು ಒತ್ತೊತ್ತಾಗಿ ನೆಟ್ಟಗೆ ನಿಂತ ಉಣ್ಣೆಯ ಎಳೆಗಳು. ಹಗುರವಾಗಿ ಒತ್ತಿದರೆ ಬಣ್ಣ ಎಳೆಯ ತುದಿಗೆ ಮಾತ್ರ ಹತ್ತುತ್ತಿತ್ತು. ಯಾರಾದರೂ ಮೇಲೆ ನಡೆದರೆ ಎಳೆಗಳು ಬಾಗಿ ಬಿಳಿ ಬುಡ ಇಣುಕುತ್ತಿತ್ತು. ಬಲವಾಗಿ ಒತ್ತಿದರೆ ಎಳೆಗಳು ಮಲಗಿಬಿಡುತ್ತಿದ್ದವು. ಬಣ್ಣವನ್ನು ಧಾರಾಳವಾಗಿ ಸುರಿದರೆ ಅದು ಎಳೆಯಿಂದ ಎಳೆಗೆ ಹರಿದು, ಗುಲಾಬಿಯ ಕೆಂಪು ಎಲೆಯ ಹಸಿರಿನೊಳಗೆ ಕಲಸಿಹೋಗುತ್ತಿತ್ತು.

ಆದ್ದರಿಂದ ಚಿತ್ತಾರವನ್ನು ನೇಯ್ದೇ ತರಬೇಕಿತ್ತು. ಆಗಿನ ಉತ್ತಮ ನೆಲಹಾಸೆಂದರೆ ಬ್ರಸೆಲ್ಸ್ ಗಂಬಳಿ. ಅದರ ಒಂದೊಂದು ಜಾಗಕ್ಕೂ ಐದಾರು ಬಣ್ಣದ ನೂಲುಗಳು ಕಾದಿರುತ್ತಿದ್ದವು. ಬೇಕಾದ ಬಣ್ಣವನ್ನು ಜಕಾರ್ಡ್ ಮಗ್ಗ ಮೇಲೆತ್ತುತ್ತಿತ್ತು, ಉಳಿದವು ಗಂಬಳಿಯ ಹೊಟ್ಟೆಯೊಳಗೆ ಹುದುಗಿರುತ್ತಿದ್ದವು. ಕಣ್ಣಿಗೆ ಕಾಣದ ಉಣ್ಣೆಗೂ ಕೊಳ್ಳುವವನು ದುಡ್ಡು ತೆರಬೇಕು. ಬಣ್ಣ ಹೆಚ್ಚಿದಷ್ಟೂ ಗಂಬಳಿ ದುಬಾರಿ.

ಈ ಗಂಟನ್ನು ಬಿಡಿಸಿದವನು ಎಡಿನ್‌ಬರೋದ ರಿಚರ್ಡ್ ವೈಟಾಕ್. 1832ರಲ್ಲಿ ಪೇಟೆಂಟ್ ಪಡೆದ ಅವನ ಉಪಾಯ ಸರಳವಾಗಿತ್ತು: ಗಂಬಳಿಯ ಮೇಲೆ ಅಚ್ಚು ಕೂರದಿದ್ದರೆ ನೂಲಿನ ಮೇಲೆಯೇ ಅಚ್ಚು ಹಾಕು, ಆಮೇಲೆ ನೇಯಿ. ಗುಜರಾತಿನ ಪಟೋಲ ನೇಕಾರರು ನೂಲನ್ನು ಗಂಟು ಕಟ್ಟಿ ಬಣ್ಣಕ್ಕೆ ಅದ್ದಿ ಇಂಥದ್ದನ್ನೇ ಮಾಡುತ್ತಿದ್ದರು. ಆದರೆ ಸೀರೆಯ ನೂಲು ನೇಯ್ಗೆಯಲ್ಲಿ ಹೆಚ್ಚುಕಡಿಮೆ ನೇರವಾಗಿ ಮಲಗುತ್ತದೆ, ಗಂಬಳಿಯ ನೂಲು ಏಳುತ್ತ ಬೀಳುತ್ತ ಕುಣಿಕೆಯಾಗುತ್ತದೆ. ಕುಣಿಕೆಗೆ ಹೋಗುವ ಉದ್ದವನ್ನು ಮೊದಲೇ ಲೆಕ್ಕ ಹಾಕಿ ಚಿತ್ರವನ್ನು ಎರಡು ಮೂರು ಪಟ್ಟು ಎಳೆದು ಅಚ್ಚು ಹಾಕಬೇಕು. ನೂಲಿನ ಮೇಲೆ ವಿಕಾರವಾಗಿ ಕಾಣುವ ಗುಲಾಬಿ ಮಗ್ಗದಿಂದ ಹೊರಬರುವಾಗ ದುಂಡಗಾಗುತ್ತಿತ್ತು.

ಕೆಲಸ ನಡೆಯುತ್ತಿದ್ದದ್ದು ಭಾರೀ ಡ್ರಮ್ಮಿನ ಮೇಲೆ. ಬಿಳಿ ಉಣ್ಣೆಯ ನೂಲನ್ನು ಡ್ರಮ್ಮಿಗೆ ಸಾಲಾಗಿ ಸುತ್ತುತ್ತಿದ್ದರು. ಚೌಕುಳಿ ಕಾಗದದಲ್ಲಿ ಬರೆದ ನಕ್ಷೆಯ ಒಂದು ಸಾಲನ್ನು ನೋಡಿಕೊಂಡು, ಬಣ್ಣದ ಪುಟ್ಟ ರೋಲರನ್ನು ಡ್ರಮ್ಮಿನ ಕೆಳಗೆ ಅಡ್ಡಲಾಗಿ ಹಾಯಿಸುತ್ತಿದ್ದರು. ಹಾಯಿಸಿದ ಕಡೆ ಒಂದು ಗೆರೆ; ಡ್ರಮ್ ತುಸು ತಿರುಗಿದರೆ ಮುಂದಿನ ಬಣ್ಣದ ಗೆರೆ. ಇಷ್ಟು ಮಾಡಿದರೆ ಸಿಗುತ್ತಿದ್ದದ್ದು ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಓಡುವ ನೂಲಿನ, ಒಂದೇ ಒಂದು ಎಳೆಯ ಚಿತ್ರ. ನಕ್ಷೆಯ ಅಗಲದಲ್ಲಿ ಎಷ್ಟು ಎಳೆಗಳಿವೆಯೋ ಅಷ್ಟು ಸಲ ಈ ಕೆಲಸ ಆಗಬೇಕು. ಆಮೇಲೆ ನೂಲನ್ನು ಹಬೆಯಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡಿ, ತೊಳೆದು, ಒಣಗಿಸಿ, ಎಳೆಗಳನ್ನು ಸರಿಯಾದ ಕ್ರಮದಲ್ಲಿ ಪಕ್ಕಪಕ್ಕ ಜೋಡಿಸಬೇಕು. ಒಂದು ಎಳೆ ಸ್ವಲ್ಪ ಸರಿದರೂ ಎಲೆಯ ಅಂಚು ಹಲ್ಲುಹಲ್ಲಾಗುತ್ತಿತ್ತು. ಹಾಸಿನ ದಿಕ್ಕಿನಲ್ಲಿ ಕಾಣುವ ಈ ಮಸುಕು, ‘ಟ್ಯಾಪಿಸ್ಟ್ರಿ’ ಎಂದು ಕರೆಸಿಕೊಂಡ ಇಂಥ ಗಂಬಳಿಗಳ ಗುರುತಾಗಿಯೇ ಉಳಿಯಿತು. ಹಾಗಿದ್ದರೂ ಲಾಭ ದೊಡ್ಡದು. ಹುದುಗಿಹೋಗುವ ನೂಲಿಲ್ಲ, ಬಣ್ಣಗಳ ಸಂಖ್ಯೆಗೆ ಮಿತಿಯೂ ಇಲ್ಲ.

ಈ ಪೇಟೆಂಟಿನ ಹಕ್ಕು ಕೊಂಡು ಸಾಮ್ರಾಜ್ಯ ಕಟ್ಟಿದವರು ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ಕ್ರಾಸ್ಲಿ ಮನೆತನದವರು. ಅವರಲ್ಲಿ ಕೆಲಸಕ್ಕಿದ್ದ ಜಾರ್ಜ್ ಕಾಲಿಯರ್ 1851ರ ಹೊತ್ತಿಗೆ ಇಂಥ ಗಂಬಳಿಯನ್ನು ಉಗಿಯಂತ್ರದಿಂದ ನೇಯುವ ಮಗ್ಗ ರೂಪಿಸಿದ. ಡೀನ್ ಕ್ಲಫ್‌ನಲ್ಲಿದ್ದ ಅವರ ಗಿರಣಿ ಬೆಳೆದು ಜಗತ್ತಿನ ಅತಿದೊಡ್ಡ ಗಂಬಳಿ ಕಾರ್ಖಾನೆಗಳಲ್ಲಿ ಒಂದಾಯಿತು. ಮಧ್ಯಮವರ್ಗದ ಮನೆಗಳ ನೆಲದ ಮೇಲೂ ಗುಲಾಬಿ, ಜರೀಗಿಡದ ಎಲೆಗಳು ಹರಡಿಕೊಂಡವು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹೆನ್ರಿ ಕೋಲ್, ರಿಚರ್ಡ್ ರೆಡ್‌ಗ್ರೇವ್ ಮುಂತಾದ ವಿನ್ಯಾಸ ಸುಧಾರಕರು, ನಿಜದಂತೆ ಕಾಣುವ ಹೂವನ್ನು ಕಾಲಡಿಗೆ ಹಾಸುವುದು ಅಭಿರುಚಿಹೀನತೆ ಎಂದು ವಾದಿಸಿದರು. ಚಾರ್ಲ್ಸ್ ಡಿಕನ್ಸ್ 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಈ ವಾದವನ್ನೇ ಗೇಲಿ ಮಾಡಿದ. ಹೂವಿನ ಗಂಬಳಿ ಹಾಸುತ್ತೀಯಾ ಎಂದು ಶಾಲೆಗೆ ಬಂದ ಅಧಿಕಾರಿ ಕೇಳಿದಾಗ ಹಾಸುತ್ತೇನೆ ಎನ್ನುವ ಹುಡುಗಿ ಸಿಸ್ಸಿ ಜೂಪ್, ಆ ಕಾಲದ ಗಿರಾಕಿಗಳ ಪ್ರತಿನಿಧಿ.

ಕ್ರಾಸ್ಲಿಗಳು ಇನ್ನೊಂದು ವಿಚಿತ್ರ ದಾರಿಯನ್ನೂ ಹಿಡಿದರು. ಬಣ್ಣಬಣ್ಣದ ಉಣ್ಣೆಯ ನೂಲುಗಳನ್ನು ಕಟ್ಟಿನಂತೆ ಬಿಗಿಯಾಗಿ ಜೋಡಿಸಿ, ತುದಿಗಳೆಲ್ಲ ಸೇರಿ ಒಂದು ಚಿತ್ರವಾಗುವಂತೆ ಮಾಡುತ್ತಿದ್ದರು. ಆ ಮುಖಕ್ಕೆ ರಬ್ಬರ್ ಅಂಟಿನಿಂದ ಬಟ್ಟೆ ಅಂಟಿಸಿ ತೆಳುವಾಗಿ ಸೀಳಿದರೆ ಒಂದು ಚಿತ್ರ. ಮತ್ತೆ ಅಂಟಿಸಿ ಸೀಳಿದರೆ ಅಂಥದ್ದೇ ಇನ್ನೊಂದು. ‘ಕ್ರಾಸ್ಲಿ ಮೊಸಾಯಿಕ್’ ಎಂದು ಹೆಸರಾದ ಇವು ಇಂದು ಸಂಗ್ರಾಹಕರ ವಸ್ತು. ಇಲ್ಲೂ ನೇಯ್ದ ಗಂಬಳಿಗೆ ಅಚ್ಚು ಒತ್ತುವ ಗೊಡವೆಯೇ ಇರಲಿಲ್ಲ.

ನೇರವಾಗಿ ಜುಂಗಿನ, ಅಂದರೆ ನೆಟ್ಟಗೆ ನಿಂತ ಎಳೆಗಳ, ಮೇಲೆಯೇ ಚಿತ್ರ ಮೂಡಿಸುವುದು ದೊಡ್ಡ ಪ್ರಮಾಣದಲ್ಲಿ ಕೈಗೂಡಿದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ಡಾಲ್ಟನ್ ಪಟ್ಟಣದ ಸುತ್ತ ಸೂಜಿಯಿಂದ ಕುಚ್ಚು ಚುಚ್ಚಿ ಮಾಡುವ ಅಗ್ಗದ ನೈಲಾನ್ ಕಾರ್ಪೆಟ್ ಉದ್ಯಮ ಬೆಳೆದಾಗ, ಅದಕ್ಕೆ ಚಿತ್ತಾರ ಕೊಡುವ ಒತ್ತಡ ಹೆಚ್ಚಿತು. ಕೆಲವು ಯಂತ್ರಗಳು ಕೆಳಗಿನಿಂದ ಗಾಳಿ ಎಳೆದು ಬಣ್ಣವನ್ನು ಬುಡಕ್ಕೆ ಇಳಿಸಿದವು. 1970ರ ದಶಕದಲ್ಲಿ ಮಿಲಿಕೆನ್ ಕಂಪನಿಯ ಮಿಲಿಟ್ರಾನ್ ಯಂತ್ರ, ಕಂಪ್ಯೂಟರಿನ ಆಜ್ಞೆಯಂತೆ ಸಣ್ಣ ನಳಿಗೆಗಳಿಂದ ಬಣ್ಣವನ್ನು ಜುಂಗಿನೊಳಗೆ ಚಿಮ್ಮಿಸಿತು. ಮನೆ, ಕಚೇರಿಗಳಲ್ಲಿ ಇಂಕ್‌ಜೆಟ್ ಪ್ರಿಂಟರ್ ಸಾಮಾನ್ಯವಾಗುವ ಮೊದಲೇ ಕಾರ್ಪೆಟ್ ಕಾರ್ಖಾನೆಗೆ ಅದರ ಹಿರಿಯಣ್ಣ ಬಂದಿತ್ತು.

ಇಂದು ಪಾಣಿಪತ್ತಿನಂಥ ಕಡೆ ತಯಾರಾಗಿ, ಚಳಿಗಾಲಕ್ಕೆ ನಮ್ಮೂರ ರಸ್ತೆಬದಿಗೆ ಬರುವ ಹುಲಿ, ಗುಲಾಬಿಗಳ ಮಿಂಕ್ ರಗ್ಗುಗಳಿಗೂ ಇದೇ ಪರೀಕ್ಷೆ. ಕೊಳ್ಳುವ ಮುನ್ನ ಚಿತ್ರದ ಮೇಲೆ ಕೈಯಾಡಿಸಿ ನೋಡಿದರೆ ಸಾಲದು. ಎರಡು ಬೆರಳಿನಿಂದ ಜುಂಗನ್ನು ಬಿಡಿಸಿ ಬುಡ ನೋಡಿ. ಬಣ್ಣ ಅಲ್ಲಿಯವರೆಗೆ ಇಳಿದಿದ್ದರೆ ಮಾತ್ರ ಕೇಳಿದ ಬೆಲೆ ಕೊಡಿ.